ಕೇಳಿಸದ ಒಂದು ಬಿ: ಲೆಫೆವ್ರ್ ಎಂಬ ಮನೆಹೆಸರಿನ ಪ್ರಕರಣ

ನಗರಗಳ ಬಗ್ಗೆ ಓದುವವರಿಗೆ ಆನ್ರಿ ಲೆಫೆವ್ರ್ ಗೊತ್ತಿರುತ್ತಾರೆ. 1901ರಿಂದ 1991ರವರೆಗೆ ಬದುಕಿದ್ದ ಫ್ರೆಂಚ್ ಚಿಂತಕ. ನಗರದ ಮೇಲೆ ಅಲ್ಲಿ ಬಾಳುವ ಎಲ್ಲರಿಗೂ ಹಕ್ಕಿದೆ ಎಂದು 1968ರಲ್ಲೇ ಬರೆದವರು. ಅವರ ಹೆಸರನ್ನು ಇಂಗ್ಲಿಷ್ ಪುಸ್ತಕದಲ್ಲಿ ಮೊದಲು ಕಂಡಾಗ ನಾನು 'ಲೆಫೆಬ್ವ್ರೆ' ಎಂದೇ ಓದಿಕೊಂಡೆ. ಕನ್ನಡ ಓದಿ ಬೆಳೆದವರು ಹಾಗೇ ಓದುತ್ತಾರೆ. ಬರೆದ ಅಕ್ಷರವನ್ನು ಹೇಳಬೇಕು ಅನ್ನುವುದು ನಮಗೆ ಚಿಕ್ಕಂದಿನಿಂದ ಬಂದ ಅಭ್ಯಾಸ ಅಲ್ವಾ? ಆಮೇಲೆ ಫ್ರೆಂಚ್ ಬಲ್ಲವರೊಬ್ಬರ ಬಾಯಲ್ಲಿ ಅದೇ ಹೆಸರು ಕೇಳಿದೆ. ಲೆಫೆವ್ರ್. ಬಿ ಎಲ್ಲೂ ಇರಲಿಲ್ಲ.

ಬರಹದಲ್ಲಿ ಮಾತ್ರ ಇತ್ತು. ಎಲ್, ಇ, ಎಫ್, ಇ, ಬಿ, ವಿ, ಆರ್, ಇ. ಎಂಟು ಅಕ್ಷರದ ಈ ಹೆಸರಿನಲ್ಲಿ ಐದನೆಯದನ್ನು ಯಾರೂ ಹೇಳುವುದಿಲ್ಲ. ಹಾಗಾದರೆ ಯಾರು ಅದನ್ನು ತಂದಿಟ್ಟರು? ಇಟ್ಟವರು ಹೋಗಿ ನಾಲ್ಕು ನೂರು ವರ್ಷ ದಾಟಿದರೂ ಯಾರೂ ಯಾಕೆ ತೆಗೆಯಲಿಲ್ಲ? ಈ ಒಂದು ಅಕ್ಷರವನ್ನು ಹಿಡಿದು ಹೋದರೆ ಫ್ರಾನ್ಸಿನ ಮನೆಹೆಸರುಗಳು ಹೇಗೆ ಹುಟ್ಟಿದವು, ಹೇಗೆ ಹರಡಿದವು, ಹೇಗೆ ಗಟ್ಟಿಯಾದವು ಅನ್ನುವುದು ತಾನಾಗಿ ತೆರೆದುಕೊಳ್ಳುತ್ತದೆ. ಅದಕ್ಕೇ ಈ ಹೆಸರನ್ನು ಆರಿಸಿಕೊಂಡೆ.

ಇದು ಅಪರೂಪದ ಹೆಸರೇನಲ್ಲ. ಫ್ರಾನ್ಸಿನಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿರುವ ಮೊದಲ 20 ಮನೆಹೆಸರುಗಳಲ್ಲಿ ಇದೂ ಒಂದು. ಉತ್ತರದ ನೋರ್, ಪಾ-ದ-ಕಾಲೆ, ಸೊಮ್ ಜಿಲ್ಲೆಗಳಲ್ಲಂತೂ ಹೆಜ್ಜೆಗೊಬ್ಬ ಲೆಫೆವ್ರ್ ಸಿಗುತ್ತಾರೆ. ಬಿ ಇಲ್ಲದೆ ಬರೆಯುವ ಲೆಫೆವ್ರ್‌ಗಳು ಬೇರೆ. ಕಿವಿಗೆ ಎರಡೂ ಒಂದೇ, ಕಾಗದದ ಮೇಲೆ ಎರಡು ಮನೆತನ.

ಕಮ್ಮಾರನ ಹೆಸರು

ಅರ್ಥ ಸರಳ. ಲೆಫೆವ್ರ್ ಅಂದರೆ ಕಮ್ಮಾರ. ಹಳೆಯ ಫ್ರೆಂಚಿನಲ್ಲಿ 'ಫೆವ್ರ್' ಅಂದರೆ ಕಬ್ಬಿಣ ಕಾಯಿಸಿ ಬಡಿಯುವವನು. ಮುಂದಿರುವ 'ಲೆ' ಅವನನ್ನು ಬೊಟ್ಟು ಮಾಡಿ ತೋರಿಸುತ್ತದೆ, 'ಆ ಕಮ್ಮಾರ' ಅನ್ನುವ ಹಾಗೆ. ಜ್ವರಕ್ಕೆ ಫ್ರೆಂಚಿನಲ್ಲಿ 'ಫಿಯೆವ್ರ್' ಅನ್ನುತ್ತಾರೆ. ಹಾಗಾಗಿ ಈ ಹೆಸರಿಗೂ ಜ್ವರಕ್ಕೂ ನಂಟಿದೆ ಅಂದುಕೊಳ್ಳುವವರು ಇದ್ದಾರೆ. ಇಲ್ಲ, ಎರಡರ ಬೇರೂ ಬೇರೆ ಬೇರೆ.

ಫೆವ್ರ್‌ನ ಬೇರು ಲ್ಯಾಟಿನ್‌ನ 'ಫಾಬೆರ್'. ರೋಮನ್ನರ ಕಾಲದಲ್ಲಿ ಈ ಮಾತಿಗೆ ಅರ್ಥ ಇನ್ನೂ ಅಗಲವಾಗಿತ್ತು. ಗಟ್ಟಿ ವಸ್ತುವಿನಿಂದ ಏನಾದರೂ ಮಾಡುವ ಕೈಕಸುಬಿನವರೆಲ್ಲ ಫಾಬೆರ್. ಮರದ ಕೆಲಸದವನು ಮರದ ಫಾಬೆರ್, ಕಬ್ಬಿಣದವನು ಕಬ್ಬಿಣದ ಫಾಬೆರ್. ಕಾಲ ಕಳೆದ ಹಾಗೆ ಕಬ್ಬಿಣದವನೊಬ್ಬನೇ ಆ ಹೆಸರನ್ನು ಉಳಿಸಿಕೊಂಡ. ಇಲ್ಲಿ ನಮ್ಮ ಮಾತು ನೆನಪಾಗದೆ ಇರದು. ಸಂಸ್ಕೃತದ 'ಕರ್ಮಾರ' ನಮ್ಮಲ್ಲಿ 'ಕಮ್ಮಾರ' ಆಯಿತು. ಅದರ ಒಳಗಿರುವುದೂ 'ಮಾಡು' ಅನ್ನುವ ಅರ್ಥವೇ. ಮಾಡುವವನು ಅಂದರೆ ಕಬ್ಬಿಣ ಬಡಿಯುವವನು ಎಂದು ಎರಡು ದೂರದ ನಾಡುಗಳ ಜನ ತಂತಮ್ಮ ಪಾಡಿಗೆ ತೀರ್ಮಾನಿಸಿದ್ದಾರೆ. ನನಗೆ ಇದು ತುಂಬ ಇಷ್ಟವಾದ ಸಂಗತಿ.

ಫಾಬೆರ್ ಫೆವ್ರ್ ಆದದ್ದು ಹೇಗೆ? ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಒಂದು ಪದದಲ್ಲಿ ಅಲ್ಲ, ಸಾಲು ಸಾಲು ಪದಗಳಲ್ಲಿ ಹಾಗಾಯಿತು. ಫ್ರಾನ್ಸಿನ ಉತ್ತರದಲ್ಲೂ ಅಂಥದ್ದೇ ಬದಲಾವಣೆ ನಡೆಯಿತು. ಲ್ಯಾಟಿನ್‌ನ ಬ ಮೆತ್ತಗಾಗಿ ವ ಆಯಿತು. ಒತ್ತಿ ಹೇಳುವ ಆ ಎಷ್ಟೋ ಕಡೆ ಎ ಆಯಿತು. ತುಟಿಗೆ ಲ್ಯಾಟಿನ್‌ನಲ್ಲಿ 'ಲಾಬ್ರುಮ್', ಫ್ರೆಂಚಿನಲ್ಲಿ 'ಲೆವ್ರ್'. ಅವರೆಯಂಥ ಕಾಳಿಗೆ 'ಫಾಬ', ಫ್ರೆಂಚಿನಲ್ಲಿ 'ಫೆವ್'. ಅದೇ ದಾರಿಯಲ್ಲಿ ಫಾಬೆರ್‌ನ ಇನ್ನೊಂದು ರೂಪವಾದ 'ಫಾಬ್ರುಮ್' ಫೆವ್ರ್ ಆಯಿತು. ಅಂದರೆ ಬಿ ಮೊದಲು ನಿಜವಾಗಿ ಇತ್ತು. ಜನರ ಬಾಯಲ್ಲೇ ಅದು ವಿ ಆಗಿ ಮುಗಿದುಹೋಗಿತ್ತು. ಈ ಪ್ರಕರಣದ ತಿರುಳು ಇಲ್ಲೇ ಇದೆ, ಸ್ವಲ್ಪ ನೆನಪಿಟ್ಟುಕೊಳ್ಳಿ.

ದಕ್ಷಿಣದ ಆಕ್ಸಿಟಾನ್ ಭಾಷೆಯಲ್ಲಿ ಆ ಉಳಿಯಿತು. ಅಲ್ಲಿ ಕಮ್ಮಾರನ ಮನೆ 'ಫಾಬ್ರ್' ಆಯಿತು. ಕೀಟಗಳ ಬದುಕನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಬರೆದ ಜಾನ್-ಆನ್ರಿ ಫಾಬ್ರ್ 1823ರಲ್ಲಿ ಹುಟ್ಟಿದ್ದು ದಕ್ಷಿಣದ ಅವೆರೋನ್ ಸೀಮೆಯಲ್ಲಿ. ದಕ್ಷಿಣದಲ್ಲೇ ಕೆಲವು ಕಡೆ ಬ ಕರಗಿ ಉ ಆಗಿ 'ಫೌರೆ' ಎಂದಾಯಿತು, ಇವತ್ತಿನ ಫ್ರೆಂಚರು ಅದನ್ನು 'ಫೋರ್' ಅನ್ನುತ್ತಾರೆ. 1895ರಿಂದ 1899ರವರೆಗೆ ಫ್ರಾನ್ಸಿನ ಅಧ್ಯಕ್ಷರಾಗಿದ್ದ ಫೆಲಿಕ್ಸ್ ಫೋರ್ ಈ ಬಳಗದವರು. ಪಿರನೀಸ್ ಬೆಟ್ಟದ ತಪ್ಪಲಿನ ಪಾಮಿಯೆಯಲ್ಲಿ 1845ರಲ್ಲಿ ಹುಟ್ಟಿದ ಸಂಗೀತಗಾರ ಗಾಬ್ರಿಯೆಲ್ ಫೋರೆ ಕೂಡ. ಆಲ್ಪ್ಸ್ ಕಡೆಯ ಸವಾಯ್ ಮತ್ತು ಸ್ವಿಟ್ಜರ್ಲೆಂಡಿನ ಫ್ರೆಂಚ್ ಸೀಮೆಗೆ ಹೋದರೆ 'ಫಾವ್ರ್'. ಪೂರ್ವದ ಫ್ರಾಂಶ್-ಕೋಂತೆಯಲ್ಲಿ 'ಫೇವ್ರ್'. ಬ್ರಿಟನಿಯಲ್ಲಿ ಲ್ಯಾಟಿನ್ ಬೇರೇ ಇಲ್ಲ. ಅಲ್ಲಿನ ಜನರ ಕೆಲ್ಟಿಕ್ ಭಾಷೆಯಲ್ಲಿ ಕಮ್ಮಾರ 'ಗೋಫ್', ಮನೆಹೆಸರು 'ಲೆ ಗೋಫ್'. ಆಲ್ಸಾಸ್‌ನಲ್ಲಿ ಜರ್ಮನ್ ಮಾತಿನ 'ಶ್ಮಿಟ್', ಬೆಲ್ಜಿಯಂ ಗಡಿಯ ಫ್ಲೆಮಿಶ್ ಊರುಗಳಲ್ಲಿ 'ಡೆ ಸ್ಮೆಟ್'. ಫ್ರಾನ್ಸಿನ ನಕ್ಷೆಯ ಮೇಲೆ ಈ ಹೆಸರುಗಳನ್ನು ಇಟ್ಟು ನೋಡಿ. ಒಂದು ದೇಶದೊಳಗೆ ಎಷ್ಟು ಭಾಷೆ ಇದ್ದವು ಅನ್ನುವುದು ಕಮ್ಮಾರನೊಬ್ಬನ ಹೆಸರಿನಿಂದಲೇ ಕಾಣುತ್ತದೆ.

ಮಜಾ ಅಂದರೆ, ಫ್ರಾನ್ಸಿನ ಇತಿಹಾಸ ಬರೆದ ಮೂವರು ದೊಡ್ಡವರು ಈ ಒಂದೇ ಕುಲುಮೆಯಿಂದ ಬಂದವರು. 1929ರಲ್ಲಿ ಮಾರ್ಕ್ ಬ್ಲಾಕ್ ಜೊತೆ ಸೇರಿ 'ಅನಾಲ್' ಪತ್ರಿಕೆ ಶುರು ಮಾಡಿದ ಲ್ಯೂಸಿಯನ್ ಫೆವ್ರ್. ಫ್ರೆಂಚ್ ಕ್ರಾಂತಿಯ ಕಾಲದ ರೈತರ ಕಥೆ ಬರೆದ, ಲಿಲ್ ನಗರದಲ್ಲಿ ಹುಟ್ಟಿದ ಜಾರ್ಜ್ ಲೆಫೆವ್ರ್. ಮಧ್ಯಯುಗದ ಬದುಕನ್ನು ಬಿಡಿಸಿಟ್ಟ ಜಾಕ್ ಲೆ ಗೋಫ್. ಲ್ಯೂಸಿಯನ್ ಹೆಸರಿಗೆ 'ಲೆ' ಇಲ್ಲ, ಅವರ ಮನೆಯವರು ಪೂರ್ವದ ಫ್ರಾಂಶ್-ಕೋಂತೆಯವರು. ಜಾರ್ಜ್ ಉತ್ತರದವರು, ಹಾಗಾಗಿ 'ಲೆ' ಇದೆ. ಜಾಕ್ ಅವರದು ಬ್ರೆಟನ್ ಹೆಸರು. ಹೆಸರು ನೋಡಿದರೆ ಸಾಕು, ಮನೆತನ ಯಾವ ದಿಕ್ಕಿನದು ಅಂತ ಹೆಚ್ಚುಕಮ್ಮಿ ಗೊತ್ತಾಗುತ್ತದೆ.

ಊರಿಗೊಬ್ಬನೇ ಇದ್ದದ್ದರಿಂದ

ಇಷ್ಟೊಂದು ಜನ ಕಮ್ಮಾರರಿದ್ದರಾ ಅಂತ ಕೇಳಬಹುದು. ನಿಜ ಹೇಳಬೇಕಂದರೆ ಕಾರಣ ತಿರುವುಮುರುವು. ಕಮ್ಮಾರರು ಕಮ್ಮಿ ಇದ್ದದ್ದರಿಂದಲೇ ಹೆಸರು ಹೆಚ್ಚಾಯಿತು.

ಸುಮಾರು 11ನೇ ಶತಮಾನದವರೆಗೆ ಫ್ರಾನ್ಸಿನಲ್ಲಿ ಸಾಮಾನ್ಯ ಜನರಿಗೆ ಒಂದೇ ಹೆಸರು. ಆಮೇಲೆ ಜನ ಹೆಚ್ಚಿದರು, ಊರುಗಳು ಬೆಳೆದವು. ಆದರೆ ಇಡುವ ಹೆಸರುಗಳು ಮಾತ್ರ ಸಂತರ ಹೆಸರುಗಳೇ. ಜಾನ್, ಪಿಯೆರ್, ಗಿಯೋಮ್. ಒಂದೇ ಊರಲ್ಲಿ ಹತ್ತು ಮಂದಿ ಜಾನ್ ಇದ್ದರೆ ತೆರಿಗೆ ಯಾರಿಂದ ವಸೂಲು ಮಾಡುವುದು? ಹೀಗೆ ಅಡ್ಡಹೆಸರು ಬೇಕಾಯಿತು. ಕಾಡಿನ ಪಕ್ಕದ ಜಾನ್, ಕೆಂಚು ಕೂದಲಿನ ಜಾನ್, ಕಮ್ಮಾರ ಜಾನ್. ಊರಿನ ಮುಕ್ಕಾಲು ಜನ ಹೊಲ ಉಳುವವರು, ಹಾಗಾಗಿ 'ರೈತ' ಅಂದರೆ ಯಾರ ಗುರುತೂ ಸಿಗುವುದಿಲ್ಲ. ಕಮ್ಮಾರ ಮಾತ್ರ ಊರಿಗೊಬ್ಬ. ನೇಗಿಲಿನ ಗುಳ, ಕುಡುಗೋಲು, ಬಾಗಿಲ ಚಿಲಕ, ಕುದುರೆ ಲಾಳ, ಎಲ್ಲಕ್ಕೂ ಅವನ ಬಾಗಿಲಿಗೇ ಹೋಗಬೇಕು. ಎಲ್ಲರಿಗೂ ಗೊತ್ತಿರುವ ಒಬ್ಬನೇ ಒಬ್ಬ. ಆ ಗುರುತು ಅವನಿಗೆ ಅಂಟಿಕೊಂಡಿತು. ಊರೂರಲ್ಲೂ ಹೀಗೇ ಆದದ್ದರಿಂದ ಒಂದಕ್ಕೊಂದು ಸಂಬಂಧವಿಲ್ಲದ ಸಾವಿರಾರು ಮನೆಗಳು ಒಂದೇ ಹೆಸರಿನವಾದವು.

ಉತ್ತರ ಕರ್ನಾಟಕದಲ್ಲಿ ಕಮ್ಮಾರ, ಬಡಿಗೇರ, ಪತ್ತಾರ ಅನ್ನುವ ಮನೆಹೆಸರುಗಳ ನಡುವೆ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ಯಾರಿಸ್‌ನಲ್ಲಿ 1292ರ ಒಂದು ತೆರಿಗೆ ಪಟ್ಟಿ ಉಳಿದಿದೆ. ಹದಿನೈದು ಸಾವಿರದ ಹತ್ತಿರ ಜನರ ಹೆಸರು, ಬೀದಿ ಬೀದಿಯಾಗಿ. ಅದರಲ್ಲಿ ಎಷ್ಟೋ ಮಂದಿಯ ಹೆಸರಿನ ಮುಂದೆ ಕಸುಬು ಇದೆ. ಇಂಥ ಪಟ್ಟಿ ಓದುವವರಿಗೆ ಒಂದು ಕಷ್ಟ ಎದುರಾಗುತ್ತದೆ. 'ಲೆ ಫೆವ್ರ್' ಅಂತ ಬರೆದಿದ್ದರೆ ಅದು ಅವನು ಮಾಡುತ್ತಿದ್ದ ಕೆಲಸವೋ, ಅಪ್ಪನಿಂದ ಬಂದ ಹೆಸರೋ? ಹೆಸರು ಲೆ ಫೆವ್ರ್, ಕೆಲಸ ಇನ್ನೇನೋ ಅಂತ ಎರಡೂ ದಾಖಲಾಗಿರುವ ಕಡೆ ಮಾತ್ರ ಧೈರ್ಯವಾಗಿ ಹೇಳಬಹುದು, ಇಲ್ಲಿ ಹೆಸರು ಕುಲುಮೆ ಬಿಟ್ಟು ಹೊರಟಿದೆ ಎಂದು. ಊರು ಊರಿಗೆ, ಮನೆ ಮನೆಗೆ ಇದು ಬೇರೆ ಬೇರೆ ಸಮಯದಲ್ಲಿ ಆಗಿದೆ. 12ನೇ ಶತಮಾನದಿಂದ 15ನೇ ಶತಮಾನದೊಳಗೆ ಬಹುಪಾಲು ಮುಗಿದಿತ್ತು.

ಇನ್ನೊಂದು ಕಡೆ ಫೆವ್ರ್ ಅನ್ನುವ ಪದವೇ ಮಾತಿನಿಂದ ಮರೆಯಾಗುತ್ತಾ ಬಂತು. ಕುದುರೆಗೆ ಲಾಳ ಕಟ್ಟುವವನು 'ಮರೆಶಾಲ್' ಆದ, ಬೀಗ ಮಾಡುವವನಿಗೆ ಬೇರೆ ಹೆಸರು, ಕೊನೆಗೆ ಕಮ್ಮಾರನಿಗೆ 'ಫೋರ್ಜರೋನ್' ಎಂಬ ಹೊಸ ಮಾತು. ಅದು 'ಫೋರ್ಜ್', ಅಂದರೆ ಕುಲುಮೆ, ಅನ್ನುವುದರಿಂದ ಬಂದದ್ದು. ಆ ಫೋರ್ಜ್ ಹುಟ್ಟಿದ್ದೂ ಫಾಬೆರ್‌ನಿಂದಲೇ. ಫಾಬೆರ್ ಕೆಲಸ ಮಾಡುವ ಜಾಗ 'ಫಾಬ್ರಿಕಾ', ಅದು ಸವೆದು ಫೋರ್ಜ್. ಇವತ್ತಿನ ಫ್ರೆಂಚಿನಲ್ಲಿ ಹಳೆಯ ಫೆವ್ರ್ ಉಸಿರಾಡುತ್ತಿರುವುದು ಒಂದೇ ಬಳಕೆಯ ಪದದಲ್ಲಿ: 'ಓರ್ಫೆವ್ರ್', ಚಿನ್ನದ ಫೆವ್ರ್, ಅಕ್ಕಸಾಲಿಗ. ಪ್ಯಾರಿಸ್‌ನಲ್ಲಿ ಸೇನ್ ನದಿಯ ದಂಡೆಯ ಒಂದು ರಸ್ತೆಗೆ ಅವರ ಹೆಸರಿದೆ. ಪದ ಸತ್ತಿತು, ಹೆಸರು ಲಕ್ಷಾಂತರ ಜನರ ಮೇಲೆ ಉಳಿಯಿತು.

ಬಿ ಬಂದದ್ದು

15 ಮತ್ತು 16ನೇ ಶತಮಾನಕ್ಕೆ ಬರೋಣ. ಲ್ಯಾಟಿನ್ ಓದಿದವರಿಗೆ ಬಹಳ ಗೌರವವಿದ್ದ ಕಾಲ. ಕಚೇರಿಗಳಲ್ಲಿ, ಕೋರ್ಟುಗಳಲ್ಲಿ ಕೂತು ಬರೆಯುವ ಗುಮಾಸ್ತರು ಲ್ಯಾಟಿನ್ ಬಲ್ಲವರು. ಅವರಿಗೆ ಫ್ರೆಂಚ್ ಅಂದರೆ ಲ್ಯಾಟಿನ್‌ನಿಂದ ಕೆಟ್ಟುಹೋದ ಮಾತು. ಸರಿ, ಬರಹದಲ್ಲಾದರೂ ಅದರ ಹುಟ್ಟು ತೋರಿಸೋಣ ಅಂತ ಕಳೆದುಹೋದ ಅಕ್ಷರಗಳನ್ನು ಮತ್ತೆ ತುರುಕಿದರು. ಬೆರಳಿಗೆ ಜಿ ಸೇರಿತು, ಇಪ್ಪತ್ತಕ್ಕೂ ಜಿ ಸೇರಿತು, ಕಾಳಿನ ಫೆವ್‌ಗೆ ಬಿ ಸೇರಿತು. ಕೆಲವು ಸಲ ಹುಟ್ಟನ್ನೇ ತಪ್ಪಾಗಿ ತಿಳಿದಿದ್ದರು. ತೂಕ ಅನ್ನುವ 'ಪ್ವಾ' ಪದಕ್ಕೆ ಡಿ ಸೇರಿಸಿದ್ದು ಹಾಗೆ. ಆ ಪದ ಬಂದ ಲ್ಯಾಟಿನ್ ಮಾತಿನಲ್ಲಿ ಡಿ ಇರಲೇ ಇಲ್ಲ. ಇವತ್ತಿಗೂ ಫ್ರೆಂಚ್ ಮಕ್ಕಳು ಆ ಡಿ ಬರೆಯಲೇಬೇಕು.

ಫೆವ್ರ್ ವಿಷಯದಲ್ಲಿ ಅವರ ಲೆಕ್ಕ ಸರಿಯಾಗಿಯೇ ಇತ್ತು. ಫಾಬೆರ್‌ನಲ್ಲಿ ಬಿ ಇತ್ತು, ತಂದಿಟ್ಟರು. ಆದರೆ ಒಂದು ಯಡವಟ್ಟಾಯಿತು. ಆ ಬಿ ವಿ ಆಗಿ ಈಗಾಗಲೇ ಹೆಸರಿನೊಳಗೇ ಕೂತಿತ್ತು. ಈಗ ಬಿ ಮತ್ತು ವಿ ಎರಡೂ ಪಕ್ಕಪಕ್ಕ. ಒಂದೇ ಅಕ್ಷರ ಎರಡು ಸಲ, ಒಮ್ಮೆ ಹಳೆಯ ರೂಪದಲ್ಲಿ, ಒಮ್ಮೆ ಹೊಸ ರೂಪದಲ್ಲಿ. ನಾವು ಬಾಯಲ್ಲಿ 'ಕಮ್ಮಾರ' ಅಂದು, ಮೂಲ ಗೊತ್ತಿರಲಿ ಅಂತ ಕಾಗದದ ಮೇಲೆ 'ಕರ್ಮ್ಮಾರ' ಎಂದು ಬರೆದರೆ ಹೇಗಿರುತ್ತದೆ? ಹಾಗೆ.

ಬರೀ ಪಾಂಡಿತ್ಯ ತೋರಿಸಲು ಮಾತ್ರ ಅಲ್ಲ, ಬಿಗೆ ಒಂದು ಕೆಲಸವೂ ಇತ್ತು. ಆಗ ಯು ಮತ್ತು ವಿ ಬೇರೆ ಬೇರೆ ಅಕ್ಷರಗಳಾಗಿರಲಿಲ್ಲ. ಪದದ ಮಧ್ಯೆ ಎರಡನ್ನೂ ಯು ಥರವೇ ಬರೆಯುತ್ತಿದ್ದರು. ಎಫ್, ಇ, ಯು, ಆರ್, ಇ ಅಂತ ಬರೆದಿದ್ದರೆ 'ಫೆವ್ರ್' ಅಂತ ಓದಬೇಕೋ, 'ಫ್ಯೂರ್' ಥರ ಓದಬೇಕೋ? ಗೊಂದಲ. ಮುಂದೆ ಒಂದು ಬಿ ಇಟ್ಟರೆ ಓದುವವನಿಗೆ ಸೂಚನೆ ಸಿಗುತ್ತದೆ: ಇಲ್ಲಿ ಬರುವುದು ಸ್ವರವಲ್ಲ, ವ್ಯಂಜನ, ವಿ ಅಂತ ಓದು.

ಸೂಚನೆ ಗೊತ್ತಿದ್ದವರು ಹಾಗೇ ಓದಿದರು. ಗೊತ್ತಿಲ್ಲದವರು ಎದುರಿಗೆ ಕಂಡದ್ದನ್ನು ಓದಿದರು. ಬಿ ಇದೆ, ಆಮೇಲೆ ಯು ಇದೆ, ಹಾಗಾದರೆ 'ಲೆಫೆಬ್ಯೂರ್'. ತಪ್ಪಾಗಿ ಓದಬಾರದು ಅಂತ ಇಟ್ಟ ಅಕ್ಷರದಿಂದಲೇ ಹೊಸ ಓದು ಹುಟ್ಟಿತು. ಅದು ತಪ್ಪಾಗಿ ಉಳಿಯಲಿಲ್ಲ, ಸ್ವಂತ ಮನೆಹೆಸರಾಯಿತು. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಆರ್ಗನ್ ನುಡಿಸಿ ಹೆಸರಾದ ಲೂಯಿ ಲೆಫೆಬ್ಯೂರ್-ವೆಲಿ, 20ನೇ ಶತಮಾನದ ಪಿಯಾನೋ ವಾದಕಿ ಇವೋನ್ ಲೆಫೆಬ್ಯೂರ್ ಈ ಹೆಸರಿನವರು. ಇಲ್ಲಿ ಬಿ ಚೆನ್ನಾಗಿಯೇ ಕೇಳಿಸುತ್ತದೆ, ಮರೆಯಾದದ್ದು ವಿ. ಇದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಹತ್ತು ತಲೆಮಾರು ತನ್ನದು ಅಂತ ಹೇಳಿಕೊಂಡ ಹೆಸರು ತಪ್ಪು ಹೇಗಾಗುತ್ತದೆ?

ಪದದಿಂದ ಹೋದದ್ದು ಹೆಸರಲ್ಲಿ ಉಳಿಯಿತು

ಈ ಕೇಳಿಸದ ಅಕ್ಷರಗಳ ಬಗ್ಗೆ ಫ್ರಾನ್ಸಿನಲ್ಲಿ ಬಹಳ ಕಾಲ ಜಗಳ ನಡೆಯಿತು. 1673ರಲ್ಲಿ, ಭಾಷೆಯ ನಿಯಮ ನೋಡಿಕೊಳ್ಳುವ ಫ್ರೆಂಚ್ ಅಕಾಡೆಮಿಗಾಗಿ ಕಾಗುಣಿತದ ಟಿಪ್ಪಣಿ ಸಿದ್ಧಮಾಡಿದ ಮೆಜೆರೆ ಹಳೆಯ ಬರಹವನ್ನೇ ಇಟ್ಟುಕೊಳ್ಳಬೇಕು ಅಂದರು. ಓದಿದವರನ್ನು ಓದದವರಿಂದಲೂ ಸಾಮಾನ್ಯ ಹೆಂಗಸರಿಂದಲೂ ಬೇರೆ ಮಾಡಿ ತೋರಿಸುವುದು ಅದೇ ಅನ್ನುವುದು ಅವರ ಕಾರಣ. ಅಷ್ಟು ನೇರವಾಗಿ. ಅಕ್ಷರ ಯಾಕೆ ಉಳಿಯಿತು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಸಿಗಲಾರದು. ಓದಲು ಅವಕಾಶವಿಲ್ಲದವರನ್ನು ಹೊರಗಿಡಲು ಒಂದು ಬೇಲಿ ಬೇಕಿತ್ತು. 1694ರಲ್ಲಿ ಬಂದ ಅಕಾಡೆಮಿಯ ಮೊದಲ ನಿಘಂಟು ಆ ದಾರಿಯಲ್ಲೇ ಹೋಯಿತು. 1740ರ ಮೂರನೇ ಆವೃತ್ತಿಯಲ್ಲಿ ಗಾಳಿ ತಿರುಗಿತು. ಸಾವಿರಾರು ಪದಗಳ ಬರಹ ಹಗುರವಾಯಿತು. ಮುಂದೆ 1762ರ ಆವೃತ್ತಿಯಲ್ಲಿ ಯು ಮತ್ತು ವಿ ಎರಡು ಬೇರೆ ಅಕ್ಷರಗಳಾಗಿ ನಿಂತವು. ಬಿ ಮಾಡುತ್ತಿದ್ದ ಕಾವಲಿನ ಕೆಲಸ ಅಲ್ಲಿಗೆ ಮುಗಿಯಿತು. ಕಾಳಿನ ಫೆವ್‌ನಲ್ಲಿ ಇವತ್ತು ಬಿ ಇಲ್ಲ.

ಆದರೆ ನಿಘಂಟು ತಿದ್ದುವುದು ಪದಗಳನ್ನು. ಮನೆಹೆಸರು ಇರುವುದು ರಿಜಿಸ್ಟರಿನಲ್ಲಿ.

ಆ ರಿಜಿಸ್ಟರಿನ ಕಥೆ 1539ರಿಂದ. ದೊರೆ ಒಂದನೆಯ ಫ್ರಾನ್ಸ್‌ವಾ ವಿಲೆರ್-ಕೊತ್ರೆಯಲ್ಲಿ ಹೊರಡಿಸಿದ ಆಜ್ಞೆ ಎರಡು ಮುಖ್ಯ ಕೆಲಸ ಮಾಡಿತು. ಕಾನೂನಿನ ಕಾಗದಪತ್ರಗಳು ಲ್ಯಾಟಿನ್ ಬಿಟ್ಟು ಫ್ರೆಂಚಿನಲ್ಲಿ ಇರಬೇಕು ಅಂದಿತು. ಪ್ರತಿ ಚರ್ಚಿನ ಪಾದ್ರಿ ತನ್ನ ಊರಿನ ದೀಕ್ಷಾಸ್ನಾನಗಳನ್ನು ಬರೆದಿಡಬೇಕು ಅಂದಿತು. 1579ರಲ್ಲಿ ಮದುವೆ, ಸಾವುಗಳೂ ಸೇರಿದವು. 1667ರಿಂದ ಎರಡು ಪ್ರತಿ ಇಡಬೇಕಾಯಿತು. ಕ್ರಾಂತಿಯ ಸಮಯದಲ್ಲಿ, 1792ರ ಸೆಪ್ಟೆಂಬರಿನಲ್ಲಿ, ಈ ಕೆಲಸ ಪಾದ್ರಿಯ ಕೈಯಿಂದ ಊರಿನ ಆಡಳಿತದ ಕೈಗೆ ಬಂತು.

ಪಾದ್ರಿ ಹೇಗೆ ಬರೆಯುತ್ತಿದ್ದರು? ಕಿವಿಗೆ ಬಿದ್ದ ಹಾಗೆ. ಹೇಳುವವನಿಗೆ ಓದು ಬರಹ ಬರುವುದಿಲ್ಲ, ಸಹಿಯ ಜಾಗದಲ್ಲಿ ಒಂದು ಗೀಟು ಎಳೆದು ಹೋಗುತ್ತಾನೆ. ಲ್ಯಾಟಿನ್ ಅಭಿಮಾನಿ ಪಾದ್ರಿಯಾದರೆ ಬಿ ಸೇರಿತು, ಅವಸರದ ಪಾದ್ರಿಯಾದರೆ ಬಿಟ್ಟುಹೋಯಿತು. ಒಬ್ಬನೇ ಮನುಷ್ಯ ಹುಟ್ಟಿದಾಗ ಒಂದು ಥರ, ಮದುವೆಯಾದಾಗ ಇನ್ನೊಂದು ಥರ, ಸತ್ತಾಗ ಮತ್ತೊಂದು ಥರ ಬರೆಸಿಕೊಂಡಿರುವುದು ಹಳೆಯ ರಿಜಿಸ್ಟರುಗಳಲ್ಲಿ ಮಾಮೂಲು. ಯಾರಿಗೂ ಅದು ತೊಂದರೆ ಅನ್ನಿಸುತ್ತಿರಲಿಲ್ಲ. ಹೆಸರು ಅಂದರೆ ಆಗ ಕೂಗಿ ಕರೆಯುವ ಶಬ್ದ, ಕಾಗದದ ಮೇಲಿನ ಅಕ್ಷರವಲ್ಲ.

ಆ ಸಡಿಲ ಮುಗಿದದ್ದು 1794ರ ಆಗಸ್ಟ್ 23ರಂದು. ಕ್ರಾಂತಿ ಸರ್ಕಾರದ ಒಂದು ಕಾನೂನು ಬಂತು: ಹುಟ್ಟಿನ ದಾಖಲೆಯಲ್ಲಿರುವ ಹೆಸರು ಬಿಟ್ಟು ಬೇರೆ ಹೆಸರನ್ನು ಯಾವ ಪ್ರಜೆಯೂ ಇಟ್ಟುಕೊಳ್ಳುವಂತಿಲ್ಲ. ಅದಕ್ಕೆ ಮುಂಚೆ ಕ್ರಾಂತಿಯ ಹುಮ್ಮಸ್ಸಿನಲ್ಲಿ ಜನ ಬೇಕಾದ ಹಾಗೆ ಹೆಸರು ಬದಲಾಯಿಸಿಕೊಳ್ಳುತ್ತಿದ್ದರು, ಅದಕ್ಕೆ ಲಗಾಮು ಇದು. 1803ರ ಕಾನೂನಿನಲ್ಲಿ ಬದಲಾವಣೆಗೆ ದಾರಿ ಸಿಕ್ಕಿತು, ಆದರೆ ತಕ್ಕ ಕಾರಣ ಕೊಟ್ಟು ಸರ್ಕಾರದ ಒಪ್ಪಿಗೆ ಪಡೆಯಬೇಕು. ಇದರಿಂದ ಏನಾಯಿತು ನೋಡಿ. ಅಷ್ಟರಲ್ಲಿ ಯಾವ ಗುಮಾಸ್ತ ಹೇಗೆ ಬರೆದಿದ್ದನೋ ಹಾಗೇ ಹೆಸರು ಗಟ್ಟಿಯಾಯಿತು. ಅಣ್ಣನ ದಾಖಲೆಯಲ್ಲಿ ಬಿ ಇದ್ದು ತಮ್ಮನ ದಾಖಲೆಯಲ್ಲಿ ಇಲ್ಲದಿದ್ದರೆ ಅವರ ಮೊಮ್ಮಕ್ಕಳು ಎರಡು ಬೇರೆ ಮನೆಹೆಸರಿನವರು. ಪದಕ್ಕೆ 1740ರಲ್ಲಿ ಸಿಕ್ಕ ಬಿಡುಗಡೆ ಹೆಸರಿಗೆ ಸಿಗಲೇ ಇಲ್ಲ. ಆ ಬಿ ಇವತ್ತೂ ಇರುವುದು ಅದಕ್ಕೆ.

ಮನೆತನದ ಜಾಡು ಹುಡುಕುವವರು ಇಲ್ಲೇ ಜಾಸ್ತಿ ಎಡವುತ್ತಾರೆ. ಬಿ ಇದ್ದವರು ನಮ್ಮವರಲ್ಲ ಅಂತ ಒಂದು ಇಡೀ ಕವಲನ್ನೇ ಬಿಟ್ಟುಬಿಡುತ್ತಾರೆ. ಅಥವಾ ಅಕ್ಷರ ಅಕ್ಷರ ಹೊಂದಿತು ಅಂತ ಸಂಬಂಧವೇ ಇಲ್ಲದ ಊರಿನ ಲೆಫೆವ್ರ್‌ಗಳನ್ನು ತಮ್ಮ ಮನೆಗೆ ಸೇರಿಸಿಕೊಳ್ಳುತ್ತಾರೆ. ನೋಡಬೇಕಾದದ್ದು ಊರು, ಸಾಕ್ಷಿಗಳು, ಕಸುಬು, ಅಜ್ಜಿಯ ತವರು. ಕಾಗುಣಿತ ಕೊನೆಗೆ. ಪ್ಯಾರಿಸ್ ಮೂಲದವರಿಗಂತೂ ಇನ್ನೂ ದೊಡ್ಡ ಕಷ್ಟ ಇದೆ. ಒಂದು ಹಾಳಾದರೆ ಇನ್ನೊಂದು ಇರಲಿ ಅಂತ ಇಟ್ಟಿದ್ದ ಎರಡು ಪ್ರತಿಗಳೂ 1871ರ ಮೇ 24ರಂದು, ಪ್ಯಾರಿಸ್ ಜನ ಸರ್ಕಾರದ ವಿರುದ್ಧ ಎದ್ದ ಕಮ್ಯೂನ್ ದಂಗೆಯ ಕೊನೆಯ ದಿನಗಳಲ್ಲಿ, ಒಂದೇ ದಿನ ಬೇರೆ ಬೇರೆ ಕಟ್ಟಡಗಳಲ್ಲಿ ಸುಟ್ಟುಹೋದವು. ಸುಮಾರು 80 ಲಕ್ಷ ದಾಖಲೆಗಳು. ಆಮೇಲೆ ಮನೆಮನೆಗಳ ಕಾಗದ, ಚರ್ಚುಗಳ ಪ್ರತಿ ಸೇರಿಸಿ ಮೂರರಲ್ಲಿ ಒಂದು ಪಾಲನ್ನಷ್ಟೇ ಮತ್ತೆ ಕಟ್ಟಲು ಆಯಿತು. ಪ್ರತಿ ಕುಟುಂಬಕ್ಕೂ ಒಂದು ದಾಖಲೆ ಪುಸ್ತಕ ಕೊಡುವ ಪದ್ಧತಿ 1877ರಲ್ಲಿ ಬಂದದ್ದು ಆ ಪೆಟ್ಟಿನ ನಂತರ.

ಒಬ್ಬರೇ, ಹೆಸರು ಮೂರು

ಕಾಗುಣಿತ ಗಟ್ಟಿಯಾಗುವ ಮುಂಚಿನ ದಿನಗಳು ಹೇಗಿದ್ದವು ಅನ್ನುವುದಕ್ಕೆ ಇಬ್ಬರನ್ನು ನೋಡೋಣ.

ಜಾಕ್ ಲೆಫೆವ್ರ್ ಪಿಕಾರ್ಡಿಯ ಕಡಲ ಊರು ಏತಾಪ್ಲ್‌ನವರು. ಬೈಬಲ್ಲಿನ ಹೊಸ ಒಡಂಬಡಿಕೆಯನ್ನು 1523ರಲ್ಲಿ ಫ್ರೆಂಚಿಗೆ ತಂದವರು. ಇಡೀ ಬೈಬಲ್ 1530ರಲ್ಲಿ ಆಂಟ್ವರ್ಪ್‌ನಲ್ಲಿ ಅಚ್ಚಾಯಿತು. ಅವರ ಲ್ಯಾಟಿನ್ ಪುಸ್ತಕಗಳ ಮೇಲೆ ಹೆಸರು 'ಫಾಬೆರ್ ಸ್ಟಾಪುಲೆನ್ಸಿಸ್', ಏತಾಪ್ಲ್‌ನ ಫಾಬೆರ್. ಸಾವಿರ ವರ್ಷದಲ್ಲಿ ಫಾಬೆರ್ ಲೆಫೆವ್ರ್ ಆಗಿತ್ತು, ಅವರು ಒಂದೇ ಹೆಜ್ಜೆಯಲ್ಲಿ ಅದನ್ನು ಮತ್ತೆ ಫಾಬೆರ್ ಮಾಡಿದರು. ಆದರೂ ಅವರ ಜೀವನದ ದೊಡ್ಡ ಕೆಲಸ ಲ್ಯಾಟಿನ್ ಬಾರದವರ ಕೈಗೆ ಗ್ರಂಥವನ್ನು ಅವರದೇ ಮಾತಿನಲ್ಲಿ ಇಟ್ಟದ್ದು. ಅದಕ್ಕಾಗಿ ನನಗೆ ಅವರ ಮೇಲೆ ಬಹಳ ಗೌರವ.

ಎರಡನೆಯವರು ಪಿಯೆರ್ ಫಾವ್ರ್. 1506ರಲ್ಲಿ ಸವಾಯ್‌ನ ಬೆಟ್ಟದ ಹಳ್ಳಿಯಲ್ಲಿ ಹುಟ್ಟಿ, ಕುರಿ ಕಾಯ್ದು, ಓದಲು ಪ್ಯಾರಿಸ್‌ಗೆ ಬಂದವರು. ಸಾಂತ್-ಬಾರ್ಬ್ ಕಾಲೇಜಿನಲ್ಲಿ ಅವರ ಕೋಣೆಯ ಜೊತೆಗಾರರು ಇಗ್ನೇಷಿಯಸ್ ಲೊಯೋಲ ಮತ್ತು ಫ್ರಾನ್ಸಿಸ್ ಝೇವಿಯರ್. 1542ರಲ್ಲಿ ಗೋವಾಕ್ಕೆ ಬಂದ ಅದೇ ಝೇವಿಯರ್. 1534ರ ಆಗಸ್ಟ್ 15ರಂದು ಮೋಮಾರ್ತ್ರ್ ಗುಡ್ಡದಲ್ಲಿ ಗೆಳೆಯರೆಲ್ಲ ಪ್ರತಿಜ್ಞೆ ಮಾಡಿದಾಗ ಪೂಜೆ ಸಲ್ಲಿಸಿದ್ದು ಫಾವ್ರ್, ಆಗ ಅವರಲ್ಲಿ ಪಾದ್ರಿಯಾಗಿದ್ದವರು ಅವರೊಬ್ಬರೇ. ಜೆಸ್ಯುಯಿಟ್ ಎಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘದ ಬೀಜ ಅದು. ಬೆಟ್ಟದ ಊರಲ್ಲಿ ಅವರು ಫಾವ್ರ್, ಪ್ಯಾರಿಸ್‌ನವರ ಬರಹದಲ್ಲಿ ಲೆಫೆವ್ರ್, ಲ್ಯಾಟಿನ್‌ನಲ್ಲಿ ಫಾಬೆರ್. 2013ರಲ್ಲಿ ಅವರನ್ನು ಸಂತ ಎಂದು ಸಾರಿದಾಗಲೂ ಬೇರೆ ಬೇರೆ ಭಾಷೆಯ ಪತ್ರಿಕೆಗಳು ಬೇರೆ ಬೇರೆ ಹೆಸರಿನಲ್ಲೇ ಬರೆದವು.

ಇನ್ನೊಬ್ಬರನ್ನು ಬಿಡಲು ಮನಸ್ಸಾಗುತ್ತಿಲ್ಲ. ಫ್ರಾನ್ಸ್‌ವಾ ಜೋಸೆಫ್ ಲೆಫೆವ್ರ್, 1755ರಲ್ಲಿ ಆಲ್ಸಾಸ್‌ನ ರುಫಾಕ್‌ನಲ್ಲಿ ಹುಟ್ಟಿದ ಸಿಪಾಯಿ. 1804ರಲ್ಲಿ ನೆಪೋಲಿಯನ್ ಮಾಡಿದ ಮೊದಲ 18 ಮಾರ್ಷಲ್‌ಗಳಲ್ಲಿ ಒಬ್ಬರು. ಹೆಂಡತಿ ಕ್ಯಾಥರಿನ್ ಬಟ್ಟೆ ಒಗೆಯುವ ಕೆಲಸ ಮಾಡಿದ್ದವರು, ಡಚೆಸ್ ಆದಮೇಲೂ ಅದನ್ನು ಮುಚ್ಚಿಡಲಿಲ್ಲ. ಫ್ರೆಂಚಿನಲ್ಲಿ ಮಾರ್ಷಲ್ ಅಂದರೆ 'ಮರೆಶಾಲ್'. ಹುಟ್ಟಿನಲ್ಲಿ ಅದರ ಅರ್ಥ ಕುದುರೆ ನೋಡಿಕೊಳ್ಳುವ ಆಳು. ಹಳ್ಳಿಯಲ್ಲಿ ಲಾಳ ಕಟ್ಟುವ ಕಮ್ಮಾರನೂ ಅದೇ ಮರೆಶಾಲ್. ಸಾಮ್ರಾಜ್ಯದ ಅತಿ ದೊಡ್ಡ ಬಿರುದು ಮತ್ತು ಆ ಮನೆಹೆಸರು, ಎರಡನ್ನೂ ಹಳ್ಳಿಯ ಕುಲುಮೆಯ ಮುಂದೆ ನಿಂತು ಕೂಗಿದ್ದರೆ ಒಬ್ಬನೇ ತಿರುಗಿ ನೋಡುತ್ತಿದ್ದ.

ಕಡಲಾಚೆ

ಫ್ರಾನ್ಸ್ ಬಿಟ್ಟು ಹೋದ ಲೆಫೆವ್ರ್‌ಗಳಿಗೆ 1794ರ ಕಾನೂನು ಅನ್ವಯಿಸಲಿಲ್ಲ. ಪ್ರಾಟೆಸ್ಟಂಟ್ ಆಗಿದ್ದಕ್ಕೆ ಊರು ಬಿಡಬೇಕಾದ ಹ್ಯೂಗ್ನಾಟ್ ಕುಟುಂಬಗಳು ನ್ಯೂಯಾರ್ಕ್ ಸೀಮೆಯ ನ್ಯೂ ಪಾಲ್ಟ್ಸ್ ಊರನ್ನು ಕಟ್ಟಿದವು. 1677ರಲ್ಲಿ ಅಲ್ಲಿನ ಜಮೀನಿಗೆ ಹಕ್ಕುಪತ್ರ ಪಡೆದ 12 ಮಂದಿಯಲ್ಲಿ ಇಬ್ಬರು ಲೆಫೆವ್ರ್ ಸಹೋದರರು, ಸಿಮೋನ್ ಮತ್ತು ಆಂಡ್ರಿಸ್. ಇಂಗ್ಲಿಷ್ ಮಾತಿನವರ ನಡುವೆ ಈ ಹೆಸರು ಲೆಫೀವರ್, ಲಫೀವರ್ ಅಂತ ಹೊಸ ಹೊಸ ರೂಪ ತಾಳಿತು. ದಕ್ಷಿಣದ ಮಿಸಿಸಿಪ್ಪಿಯಲ್ಲಿ ಫಾವ್ರ್ ಹೆಸರಿನ ವ ಮತ್ತು ರ ಜಾಗ ಬದಲಿಸಿಕೊಂಡು 'ಫಾರ್ವ್' ಆಯಿತು. ಅಮೆರಿಕನ್ ಫುಟ್‌ಬಾಲ್ ಆಟಗಾರ ಬ್ರೆಟ್ ಫಾರ್ವ್ ಹೆಸರನ್ನು ಬರೆಯುವುದು ಮಾತ್ರ ಇವತ್ತಿಗೂ ಆಲ್ಪ್ಸ್‌ನ ಫಾವ್ರ್ ಥರವೇ.

ಕೆನಡಾದ ಕ್ವಿಬೆಕ್‌ನಲ್ಲಿ ಬರಹ ಹಾಗೇ ಉಳಿಯಿತು, ಆದರೆ ದಿನದ ಮಾತಿನಲ್ಲಿ ಕೊನೆಯ ರ್ ಬಿದ್ದುಹೋಯಿತು. ಲೆಫೆವ್ರ್ 'ಲೆಫೆವ್' ಆಯಿತು. 19ನೇ ಶತಮಾನದಲ್ಲಿ ಕ್ವಿಬೆಕ್‌ನಿಂದ ಲಕ್ಷಾಂತರ ಜನ ಗಡಿ ದಾಟಿ ಅಮೆರಿಕದ ನ್ಯೂ ಇಂಗ್ಲೆಂಡಿನ ಬಟ್ಟೆ ಗಿರಣಿಗಳಿಗೆ ಕೂಲಿಗೆ ಹೋದರು. ಅಲ್ಲಿ ಹೆಸರು ಬರೆದುಕೊಳ್ಳುವವರಿಗೆ ಫ್ರೆಂಚ್ ಬಾರದು. ಕೆಲವರು ತಾವೇ ಇಂಗ್ಲಿಷಿಗೆ ಹೊಂದುವ ಹೆಸರು ಹುಡುಕಿಕೊಂಡರು. ಲೆಫೆವ್ ಅನ್ನುವುದು 'ಲಾ ಫೆವ್' ಅಂದ ಹಾಗೆ ಕೇಳಿಸುತ್ತದೆ. ಫೆವ್ ಅಂದರೆ ಮೇಲೆ ಹೇಳಿದ ಕಾಳು, ಇಂಗ್ಲಿಷಿನಲ್ಲಿ ಬೀನ್. ಹೀಗೆ ಕೆಲವು ಲೆಫೆವ್ರ್ ಮನೆಗಳು ಅಮೆರಿಕದ ದಾಖಲೆಗಳಲ್ಲಿ ಬೀನ್ ಆಗಿ ಉಳಿದವು. ಅವರ ಮೊಮ್ಮಕ್ಕಳು ಹಿಂದಕ್ಕೆ ಹೋಗಬೇಕಾದರೆ ಬೀನ್‌ನಿಂದ ಫೆವ್‌ಗೆ, ಫೆವ್‌ನಿಂದ ಲೆಫೆವ್ರ್‌ಗೆ, ಅಲ್ಲಿಂದ ಬಿ ಇರುವ, ಇಲ್ಲದ ಎಲ್ಲ ರೂಪಗಳಿಗೆ ರಿಜಿಸ್ಟರ್ ತಿರುವಬೇಕು.

ಬೀನ್ ಹೆಸರಿನ ಮೊದಲ ಅಕ್ಷರವೂ ಬಿ. ಇದನ್ನು ಎಲ್ಲರೂ ಹೇಳುತ್ತಾರೆ.